ಕುನ್ನಿ ಮೂತಿಗೆ ಬಾರಸ್ರಿ ಅನ್ನೋವ್ರಿಗೆ

ಹೋದ ವಾರ ಕುಬಸದ ಊಟಕ್ಕ ಹೋಗಿದ್ದೆ. ಯಾರ ಮನಿ ಅಂತ ಹೇಳೂದು ಬ್ಯಾಡ, ಇದನ್ನ ಓದೋವ್ರಾಗ ಅರ್ಧಾ ಮಂದಿ ಅಲ್ಲೇ ಇದ್ರಿ. ಪಂಕ್ತಿಯೊಳಗ ನನ್ನ ಎದುರಿಗೆ ಕೂತಾಕಿ ಬಳಿ ಮ್ಯಾಲ ಸರಿಸಿ ಕೈ ತೋರಿಸಿದ್ಲು. ಮೊಣಕೈತನಕ ಕೆಂಪನ ಗೀರು. ಮನಿಗೆ ಎರಡು ತಿಂಗಳ ಕುನ್ನಿ ತಂದಾರಂತ, ಅದು ಕಂಡ ಕಂಡದ್ದಕ್ಕೆಲ್ಲಾ ಬಾಯಿ ಹಾಕತೈತಂತ. ಅಷ್ಟ ಸಾಕಾತು ನೋಡ್ರಿ, ಎಲ್ಲಾರೂ ಹೋಳಿಗಿ ಬಿಟ್ಟು ಡಾಕ್ಟ್ರಾದ್ರು. ಒಬ್ಬಾಕಿ, "ಮೂತಿಗೆ ಒಂದು ಬಾರಸು, ಮತ್ತ ಕಚ್ಚಿದ್ರ ನನ್ನ ಕೇಳು" ಅಂದ್ಲು. ಇನ್ನೊಬ್ಬಾಕಿ, "ಕೈಗೆ ಖಾರಪುಡಿ ನೀರು ಸವರಿಕೊಂಡು ಅದರ ಬಾಯಾಗ ಇಡು" ಅಂದ್ಲು. ಮೂರನೇದಾಕಿ, "ಅದರ ತುಟಿ ಅದರ ಹಲ್ಲಿಗೇ ಒತ್ತಿ ಹಿಡಿ, ಬ್ಯಾನಿ ಅಂದ್ರ ಏನಂತ ಗೊತ್ತಾಗ್ಲಿ" ಅಂದ್ಲು. ನಮ್ಮ ದೊಡ್ಡವ್ವನಂತೂ, "ಎರಡು ದಿನ ಸರಪಳಿ ಹಾಕಿ ಹಿತ್ತಲದಾಗ ಕಟ್ಟು, ತಾನ ಹದಕ್ಕ ಬರತೈತಿ" ಅಂತ ತೀರ್ಪು ಕೊಟ್ಲು.

ನಾ ತಲಿ ಕೆಳಗ ಹಾಕಿ ಹೋಳಿಗಿ ತಿಂದೆ. ಮನಿಗೆ ಬಂದ ಮ್ಯಾಲ ಆ ಹೋಳಿಗಿ ಕರಗಲಿಲ್ಲ. ಯಾಕಂದ್ರ ಈ ನಾಲ್ಕರಾಗ ಮೂರು ನಾನ ಮಾಡಿ ನೋಡೇನಿ. ಅದರಿಂದ ಏನಾತು ಅಂತ ಗೊತ್ತಿದ್ದೂ ಸುಮ್ನ ಕೂತೆ. ಅದಕ್ಕ ಇಲ್ಲೆ ಬರಿಯಾಕತ್ತೇನಿ. ಸಿಟ್ಟಿಲೆ ಬರಿಯಾಕತ್ತೇನಿ, ನನ್ನ ಮ್ಯಾಲಿನ ಸಿಟ್ಟೂ ಅದರಾಗ ಕೂಡೇತಿ.

ನಮ್ಮ ಪೇಡೆ ಬಂದದ್ದು ಹೋದ ಪಂಚಮಿ ಮರುದಿನ, ಬಿಸ್ಕೀಟಿನ ರಟ್ಟಿನ ಡಬ್ಬಿಯೊಳಗ. ಮೈದುನ ಯಾರದೋ ಹೊಲದ ಮನಿಯಿಂದ ಎತಗೊಂಡು ಬಂದಿದ್ದ. ಮೈಬಣ್ಣ ನೋಡಿ ಹುಡುಗ್ರು ಪೇಡೆ ಅಂತ ಹೆಸರಿಟ್ರು, ಧಾರವಾಡದ ಹುಡುಗ್ರು ಇನ್ನೇನ ಇಡತಾರ. ಕಣ್ಣು ಬಿಟ್ಟು ಹದಿನೈದು ದಿನ ಆಗಿತ್ತೋ ಇಲ್ಲೋ, ಅಂದ್ರ ಹೆಚ್ಚಂದ್ರ ಒಂದು ತಿಂಗಳದ್ದು. "ಸಣ್ಣದಿದ್ದಾಗ ತಂದ್ರ ಮನಿಗೆ ಲಗೂ ಹೊಂದಕೋತೈತಿ" ಅಂತ ಎಲ್ಲಾರೂ ಅಂದ್ರು. ನಾನೂ ಅಂದೆ.

ಅದು ಖರೇ ಅಲ್ಲ. ಕುನ್ನಿಗೆ ಸುಮಾರು 3 ವಾರಕ್ಕ ಹಾಲುಹಲ್ಲು ಬರಾಕ ಶುರು ಆಗತಾವ. ಅಲ್ಲಿಂದ ಮುಂದಿನ ನಾಲ್ಕೈದು ವಾರ ಅದು ಅವ್ವನ ಜೋಡಿ, ಒಡಹುಟ್ಟಿದ ಮರಿಗಳ ಜೋಡಿ ಇರಬೇಕು. ಯಾಕಂದ್ರ ಬಾಯಿ ಎಷ್ಟು ಬಿಗಿ ಹಿಡೀಬೇಕು ಅನ್ನೂದನ್ನ ಅಲ್ಲೇ ಕಲಿಯೂದು. ತಮ್ಮನ ಕಿವಿ ಜೋರಾಗಿ ಕಡದ್ರ ಅವ "ಕಂಯ್" ಅಂತಾನ, ಆಟ ಬಿಟ್ಟು ಹೋಗತಾನ. ಮೊಲಿ ಕಡದ್ರ ಅವ್ವ ಎದ್ದು ನಡೀತಾಳ, ಹಾಲು ಬಂದ್. ದಿನಕ್ಕ ನೂರು ಸಲ ಹಿಂಗ ಆದ್ರ ಎಂಥಾ ದಡ್ಡ ಕುನ್ನಿಗೂ ತಿಳೀತೈತಿ, ಜೋರಾಗಿ ಕಡದ್ರ ಆಟಾನೂ ಇಲ್ಲ, ಹಾಲೂ ಇಲ್ಲ ಅಂತ. ಹೊಡತ ಇಲ್ಲ, ಬಡತ ಇಲ್ಲ, ಖಾರಪುಡಿ ಇಲ್ಲ. 2017ರಾಗ ಕೇಂದ್ರ ಸರ್ಕಾರ ನಾಯಿ ಸಾಕಿ ಮಾರೋವ್ರಿಗೆ ಮಾಡಿದ ನಿಯಮದಾಗ 8 ವಾರದ ಒಳಗಿನ ಮರಿ ಮಾರಬಾರದು ಅಂತ ಬರದಾರ. ಪುಕ್ಕಟೆ ಎತಗೊಂಡು ಬರೋವ್ರು ಅದನ್ನೆಲ್ಲಿ ಓದತಾರ. ಅಂಗನವಾಡಿಗೆ ಹೋಗೋ ಕೂಸನ್ನ ಅರ್ಧಕ್ಕ ಬಿಡಿಸಿ ತಂದು, ಅಆಇಈ ಯಾಕ ಬರಂಗಿಲ್ಲ ಅಂತ ಕಪಾಳಕ್ಕ ಬಡದಂಗ ಆತು ನಮ್ಮ ಕೆಲಸ.

ಇನ್ನ ಆ ಹಲ್ಲು. ಕುನ್ನಿಗೆ 28 ಹಾಲುಹಲ್ಲು ಇರತಾವ, ಒಂದೊಂದೂ ಸೂಜಿ. ದವಡಿಯೊಳಗ ಶಕ್ತಿ ಇರಂಗಿಲ್ಲ, ಅದಕ್ಕ ಹಲ್ಲು ಚೂಪಾಗಿ ಇರತಾವ. ಸಣ್ಣ ಬಾಯಿ ಸಣ್ಣಗ ಒತ್ತಿದ್ರೂ ನಮಗ "ಅಯ್ಯಯ್ಯೋ" ಅನಿಸತೈತಿ, ಕಲಿಯೂದು ಅದರಿಂದನ ಶುರು. ನಾಲ್ಕನೇ ತಿಂಗಳ ಹೊತ್ತಿಗೆ ಅವು ಬೀಳಾಕ ಹತ್ತತಾವ, ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲು ಬಂದು ನಿಲ್ಲತಾವ. ಆಮ್ಯಾಲ ಕಲಸೂದು ತಡ, ಆಗಿನ ದವಡಿನೂ ಬ್ಯಾರೆ. ಪೇಡೆದೊಂದು ಹಲ್ಲು ಚಾಪಿ ಕೆಳಗ ನನಗ ಸಿಕ್ಕಿತ್ತು, ಅಕ್ಕಿಕಾಳಿನಷ್ಟ. ಮಗಳು ಅದನ್ನ ಸಗಣಿಯೊಳಗ ಇಟ್ಟು ಮಾಳಿಗಿ ಮ್ಯಾಲ ಒಗದು, "ಇದಕ್ಕೂ ಚಂದನ ಹಲ್ಲು ಬರ್ಲಿ" ಅಂದ್ಲು. ಇರ್ಲಿ, ಅದು ಆಮ್ಯಾಲಿನ ಮಾತು.

ಈಗ ಒಂದು ಕೇಳತೇನಿ, ಎದಿ ಮುಟ್ಟಿಕೊಂಡು ಹೇಳ್ರಿ. ಮನ್ಯಾಗ ಕುನ್ನಿ ಯಾರನ್ನ ಕಚ್ಚತೈತಿ? ತಂದಾವನ್ನ ಅಲ್ಲ. ಅವ ಮುಂಜಾನೆ ಎದ್ದು ಬೂಟ್ ಹಾಕ್ಕೊಂಡು ಹೋಗತಾನ. ಕಸಬರಿಗಿ ಹಿಡದು ಬಗ್ಗಿದಾಕಿನ್ನ ಕಚ್ಚತೈತಿ. ಸೀರಿ ದಡಿ ನೆಲದ ಮ್ಯಾಲ ಓಡ್ಯಾಡಿದ್ರ ಅದಕ್ಕ ಇಲಿ ಕಂಡಂಗ. ನೈಟಿ ಹಾಕ್ಕೊಂಡ್ರ ನೈಟಿ. ರೊಟ್ಟಿ ಬಡಿಯಾಕ ಕೂತ್ರ ಕಾಲ ಬೆರಳು. ಆಮ್ಯಾಲ ಸಣ್ಣ ಮಕ್ಕಳನ್ನ, ಯಾಕಂದ್ರ ಅವು ಚೀರಕೋತ ಓಡತಾವ. ಅಂದ್ರ ಕಚ್ಚಿಸಿಕೊಳ್ಳೋದು ನಾವು, ಮಕ್ಕಳು. ಸಂಜಿ ಮುಂದ ಮನಿಗೆ ಬಂದು, ಕುನ್ನಿನ್ನ ಅಂಗಾತ ಮಲಗಿಸಿ, ಬರೇ ಕೈ ಅದರ ಬಾಯಾಗ ಹಾಕಿ "ಹಿಡೀ, ಹಿಡೀ, ಛೂ" ಅಂತ ಕುಸ್ತಿ ಆಡೋವ್ರು ಯಾರು? ನಮ್ಮನಿಯವರು, ಮೈದುನ, ಬಾಜೂ ಮನಿ ಕಾಲೇಜು ಹುಡುಗ. ಅದು ಕೈ ಹಿಡೀತಂದ್ರ ನಗತಾರ, ಫೋನ್‌ನಾಗ ವಿಡಿಯೋ ಹಿಡೀತಾರ. ಸ್ವಲ್ಪ ಜೋರಾಗಿ ಹಿಡೀತಂದ್ರ ಫಟ್ ಅಂತ ಮೂತಿಗೆ. ಅದ ಕೈ ಆಟದ್ದು, ಅದ ಕೈ ಹೊಡತದ್ದು. ಆ ಕುನ್ನಿ ಏನ ತಿಳಕೋಬೇಕು? ಮರುದಿನ ಮುಂಜಾನೆ ಅದು ನನ್ನ ಕೈಗೆ ಬಾಯಿ ಹಾಕಿದಾಗ, "ನಿನ್ನೆ ಸಂಜಿಗೆ ಇದಕ್ಕ ನಕ್ಕಿದ್ರಲ್ಲಾ" ಅಂತ ಅದರ ಕಣ್ಣಾಗ ಇರತಿತ್ತು. ನಾ ಹೊಡೀತಿದ್ದೆ.

ಹೌದ್ರೀ, ನಾನೂ ಹೊಡದೆ. ಮೊದಲ ಎರಡು ಬೆರಳಿಲೆ ಮೂತಿಗೆ. ಎರಡು ದಿನ ಸುಮ್ನಿತ್ತು. ಮೂರನೇ ದಿನ ಆಟ ಅಂತ ತಿಳದು ಇನ್ನಷ್ಟು ಜಿಗಿದು ಬಂತು. ಆಮ್ಯಾಲ ಅಂಗೈ. ಆಮ್ಯಾಲ ಸುತ್ತಿದ ಪೇಪರ್. ಒಂದಿನ ಇಸ್ತ್ರಿ ಮಾಡಿದ ಇಳಕಲ್ ಸೀರಿ ಸೆರಗು ಹರೀತು, ಅವತ್ತು ಚಪ್ಲಿ. ಹೊಡತದ ಸ್ವಭಾವನ ಹಂಗ, ನಿನ್ನೆದ್ದು ಇವತ್ತಿಗೆ ಸಾಲಂಗಿಲ್ಲ. ಚಪ್ಲಿ ತಿಂದ ಮ್ಯಾಲ ಅದು ಕುರ್ಚಿ ಕೆಳಗ ಹೋಗಿ ಗುರ್ ಅಂತು. ಗುರ್ ಅಂದದ್ದಕ್ಕ ಇನ್ನೊಂದು ಬಿತ್ತು, "ನನಗ ಗುರ್ ಅಂತೀಯಾ" ಅಂತ. ಆಮ್ಯಾಲ ಅದು ಗುರ್ ಅನ್ನೂದು ಬಿಡ್ತು. ನಾ ಹತ್ತಿರ ಹೋದ್ರ ಕಿವಿ ಹಿಂದ ಒಗದು, ಬಾಲ ಒಳಗ ತಗೊಂಡು, ಮುಖ ಅತ್ತಾಗ ತಿರುಗಿಸತಿತ್ತು. ಬಂದವ್ರೆಲ್ಲಾ, "ಭಾಳ ಶ್ಯಾಣ್ಯಾ ಆತು ನೋಡ್ರಿ ನಿಮ್ಮ ಕುನ್ನಿ" ಅಂದ್ರು. ನಾ ಚಹಾ ಕೊಟ್ಟು ಹಿಗ್ಗಿದೆ.

ಈ ಗುರ್ ಅನ್ನೂದು ಏನು ಅಂತ ತಿಳಕೋರಿ. ಅದು ಸಿಟ್ಟಲ್ಲ, ಸೊಕ್ಕಲ್ಲ. "ನನಗ ಅಂಜಿಕಿ ಆಗೇತಿ, ಇನ್ನ ಹತ್ತಿರ ಬರಬ್ಯಾಡ" ಅಂತ ನಾಯಿ ಹೇಳೋ ಮಾತು. ಕುಕ್ಕರಿನ ಸೀಟಿ ಇದ್ದಂಗ. ಗುರ್ ಅಂದದ್ದಕ್ಕ ಹೊಡದ್ರ ಅಂಜಿಕಿ ಹೋಗಂಗಿಲ್ಲ, ಮಾತು ಹೋಗತೈತಿ. ಒಳಗಿನ ಕುದಿ ಒಳಗ ಇರತೈತಿ, ಸೀಟಿ ಮಾತ್ರ ಬಂದ್ ಆಗತೈತಿ. ಆಮ್ಯಾಲ "ಅಯ್ಯ, ಗುರ್ ಅನ್ನದ ಸುಮ್ನ ಇದ್ದದ್ದು ಒಮ್ಮಿಗಲೇ ಕಚ್ತು" ಅಂತ ಮಂದಿ ಹೇಳತಾರಲ್ಲಾ, ಅಂಥಾ ಭಾಳ ನಾಯಿ ಹಿಂಗ ತಯಾರ ಆದವು. ನಾವ ತಯಾರ ಮಾಡಿದವು.

ದಸರಾಕ್ಕ ನಾದಿನಿ ಮಗಳನ್ನ ಕರಕೊಂಡು ಬಂದಿದ್ಲು. ಐದು ವರ್ಷದ ಹುಡುಗಿ. ಬನ್ನಿ ಮುಡಿಯೋ ಸಂಜಿ ಹೊಸ ಪರಕಾರ ಪೋಲಕಾ ಹಾಕ್ಕೊಂಡು ಎಲ್ಲಾರಿಗೂ ಬನ್ನಿ ಕೊಟ್ಲು, ಬಂಗಾರದಂಗ ಇರೋಣು ಅಂದ್ಲು, ಕಾಲು ಮುಟ್ಟಿದ್ಲು. ಕೊನಿಗೆ "ಪೇಡೆಗೂ ಕೊಡತೇನಿ ಅತ್ತೀ" ಅಂತ ಕೈಯಾಗ ಎಲಿ ಹಿಡಕೊಂಡು ಅದರ ತಲಿ ಮ್ಯಾಲ ಕೈ ಎತ್ತಿದ್ಲು. ಅಷ್ಟ. ಕೈ ಎತ್ತೂದು ಅಂದ್ರ ಏನಂತ ಅದಕ್ಕ ಮೂರು ವಾರ ದಿನಾ ಹೇಳಿಕೊಟ್ಟಾಕಿ ನಾನು. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಹುಡುಗಿ ತೋರಬೆರಳಿನ ಎರಡೂ ಕಡೆ ರಕ್ತ.

ನಮ್ಮ ಅತ್ತಿಯವರು ಸುಣ್ಣ ಅರಿಷಿಣ ತಂದ್ರು. ನಾ ಕೈ ಮುಗದು ದೂರ ಇಡ್ರಿ ಅಂದೆ, ಅದೊಂದು ಮಾತ್ರ ಸರಿ ಮಾಡಿದೆ. ಇದನ್ನ ಎಲ್ಲಾರೂ ನೆನಪಿಡ್ರಿ, ಕುನ್ನಿ ಎಷ್ಟ ಸಣ್ಣದಿರ್ಲಿ, ನಮ್ಮದ ಇರ್ಲಿ, ಹಲ್ಲು ತಾಗಿ ಚರ್ಮ ಹರೀತಂದ್ರ 15 ನಿಮಿಷ ಹರಿಯೋ ನೀರಿನಾಗ ಸಾಬಾಣ ಹಚ್ಚಿ ತೊಳೀಬೇಕು, ಅವತ್ತ ದವಾಖಾನಿಗೆ ಹೋಗಬೇಕು. ಸುಣ್ಣ, ಖಾರ, ಕಾಫಿಪುಡಿ ಏನೂ ಹಚ್ಚಬಾರದು. ರೇಬಿಸ್ ಲಕ್ಷಣ ಕಂಡ ಮ್ಯಾಲ ಉಳಸೋ ಔಷಧ ಇಲ್ಲ, ಅದಕ್ಕ ಮೊದಲ ಹಾಕೋ ಚುಚ್ಚುಮದ್ದು ಮಾತ್ರ ಐತಿ. ಪೇಡೆಗೆ ಮೂರು ತಿಂಗಳಿಗೆ ಹಾಕಿಸಬೇಕಿದ್ದ ರೇಬಿಸ್ ಚುಚ್ಚುಮದ್ದು, "ಹಬ್ಬ ಮುಗೀಲಿ ತಡಿ" ಅಂತ ನಾವು ಮುಂದ ದೂಡಿದ್ವಿ. ಹಬ್ಬದ ದಿನ ಆ ಕೂಸಿಗೆ ಗಾಯದ ಸುತ್ತ ಒಂದು ಮದ್ದು ಚುಚ್ಚಿದ್ರು, ತೋಳಿಗೆ ಬ್ಯಾರೆ. ಆಮ್ಯಾಲ 3ನೇ ದಿನ, 7ನೇ ದಿನ, 28ನೇ ದಿನ. ನಾಲ್ಕೂ ಸಲ ನಾ ಜೋಡಿ ಹೋದೆ. ನಾಲ್ಕೂ ಸಲ ಆಕಿ ನನ್ನ ಕೊರಳು ತಬ್ಬಿ ಅತ್ಲು. "ನಾ ಬನ್ನಿ ಕೊಟ್ಟಿದ್ನೆಲ್ಲಾ ಅತ್ತಿ, ಯಾಕ ಕಚ್ತು" ಅಂತ ಕೇಳಿದ್ಲು. ಏನ ಹೇಳಲಿ?

ಅವತ್ತ ರಾತ್ರಿ ಗಂಡಸರ ಪಂಚಾಯ್ತಿ ಕೂತು. ಎಪಿಎಂಸಿ ಯಾರ್ಡಿನ್ಯಾಗ ಬಿಟ್ಟು ಬರೋಣ, ಅಲ್ಲೆ ತಿನ್ನಾಕ ಸಿಗತೈತಿ ಅಂತ ಮೈದುನ ಅಂದ. ರಟ್ಟಿನ ಡಬ್ಬಿಯೊಳಗ ತಂದಾವ ಅವನ, ಬಿಡಾಕ ಹೊಂಟಾವನೂ ಅವನ. ಸಾಕಿದ ಪ್ರಾಣಿನ್ನ ಉಪವಾಸ ಬೀಳೂವಂಗ ಬಿಟ್ಟು ಬರೂದು, ಹೊಡಿಯೂದು, ಒದಿಯೂದು ಎಲ್ಲಾ 1960ರ ಕಾಯ್ದೆ ಪ್ರಕಾರ ಗುನ್ನೆ ಅಂತ ಆಮ್ಯಾಲ ಓದಿದೆ. ಅವತ್ತು ಕಾಯ್ದೆ ಗೊತ್ತಿರಲಿಲ್ಲ. "ಕಚ್ಚಿದ್ದು ಅದು, ಕಲಿಸಿದಾಕಿ ನಾನು, ಬಿಡೂದಿದ್ರ ಇಬ್ಬರ್ನೂ ಒಂದ ಗಾಡಿಯಾಗ ಹಾಕಿ ಬಿಟ್ಟು ಬರ್ರಿ" ಅಂದೆ. ಮಾವನವರು ನಕ್ಕರು, ಪಂಚಾಯ್ತಿ ಮುರೀತು.

"ನಾಯಿಗೆ ಯಜಮಾನ ಯಾರು ಅಂತ ತೋರಸಬೇಕು, ಇಲ್ಲಂದ್ರ ತಲಿ ಮ್ಯಾಲ ಕೂಡತೈತಿ" ಅನ್ನೋ ಮಾತೊಂದು ಐತಲ್ಲಾ, ನಮ್ಮನಿಯವರಿಗೆ ಭಾಳ ಪ್ರೀತಿದು. ಇದರ ಬೇರು ಹುಡುಕಿದ್ರ ಎಲ್ಲಿಗೆ ಹೋಗತೈತಿ ಗೊತ್ತೇನ್ರಿ? 1947ರಾಗ ರುಡಾಲ್ಫ್ ಶೆಂಕೆಲ್ ಅನ್ನಾವ ಸ್ವಿಟ್ಜರ್ಲೆಂಡಿನ ಬಾಸೆಲ್ ಪ್ರಾಣಿಸಂಗ್ರಹಾಲಯದಾಗ ಕೂಡಿಹಾಕಿದ ತೋಳ ನೋಡಿ ಬರದದ್ದಕ್ಕ. ಅವು ಬಡದಾಡಿ ಒಂದು ಮ್ಯಾಲ ಒಂದು ಕೆಳಗ ಆಗತಿದ್ವು. 1970ರಾಗ ಅಮೆರಿಕದ ಡೇವಿಡ್ ಮೀಚ್ ಅನ್ನಾವ ತೋಳದ ಮ್ಯಾಲ ಬರದ ಪುಸ್ತಕದಿಂದ ಆ ಮಾತು ಊರೆಲ್ಲಾ ಹಬ್ಬಿತು. ಅದ ಮನಷ್ಯಾ ಮುಂದ ಅಡವಿಯೊಳಗಿನ ತೋಳ ವರ್ಷಗಟ್ಟಲೆ ನೋಡಿ, 1999ರಾಗ, ಅಲ್ಲೆ ಯಜಮಾನಿಕಿಗೆ ಬಡದಾಟ ಇಲ್ಲ, ತೋಳದ ಹಿಂಡು ಅಂದ್ರ ಅಪ್ಪ ಅವ್ವ ಮಕ್ಕಳ ಸಂಸಾರ ಅಂತ ತಿದ್ದಿ ಬರದ. ಬರದಾವನ ತಿದ್ದಿಕೊಂಡಾನ, ನಮ್ಮ ಓಣಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮತ್ತ ಕುನ್ನಿ ತೋಳ ಅಲ್ಲ, ಅದಕ್ಕ ಯಜಮಾನಿಕಿ ಬೇಕಾಗಿಲ್ಲ. ಅದಕ್ಕ ಬೇಕಾದದ್ದು ಅಗಿಯಾಕ ಏನರ ಒಂದು. ನಮ್ಮ ಮನ್ಯಾಗ ಯಜಮಾನ ಯಾರು ಅನ್ನೂದು ಇಪ್ಪತ್ತು ವರ್ಷದಿಂದ ತೀರ್ಮಾನ ಆಗಿಲ್ಲ, ಕುನ್ನಿ ಮುಂದ ಯಾಕ ಆ ಜಗಳ.

"ಹಳ್ಳ್ಯಾಗ ನಾವು ಹೊಡದ ಬೆಳಸಿದ್ವಿ, ಏನಾತು" ಅಂತ ದೊಡ್ಡವ್ವ ಕೇಳತಾಳ. ದೊಡ್ಡವ್ವಾ, ನಿಮ್ಮ ಹೊಲದ ನಾಯಿ ಅವ್ವನ ಜೋಡಿ, ಅಣ್ಣತಮ್ಮರ ಜೋಡಿ ಬಣವಿ ಬುಡಕ ಬೆಳೀತು. ಯಾರೂ ಅದರ ಬಾಯಾಗ ಕೈ ಹಾಕಿ ಆಟ ಆಡಲಿಲ್ಲ. ಬ್ಯಾಸರಾದ್ರ ಎದ್ದು ಹೊಲದಾಚೆ ಹೋಗಾಕ ಜಾಗಾ ಇತ್ತು. ನಮ್ಮದು ಎರಡು ಖೋಲಿ ಮನಿ, ಅದು ಎಲ್ಲಿಗೆ ಹೋಗಬೇಕು? ಮತ್ತ ನಿಮ್ಮ ಊರಾಗ ಕಚ್ಚಿಸಿಕೊಂಡವ್ರನ್ನ ಎಣಿಸಿಟ್ಟವ್ರು ಯಾರು?

ದಸರಾ ಆದ ಮ್ಯಾಲ ಏನ ಮಾಡಿದ್ವಿ ಅಂತ ಹೇಳತೇನಿ. ಇದರಾಗ ಜಾಣತನ ಏನಿಲ್ಲ, ಬ್ಯಾಸರ ಮಾತ್ರ ಭಾಳ ಐತಿ.

ಮೊದಲ, ಬರೇ ಕೈ ಆಟದ ಸಾಮಾನಲ್ಲ ಅಂತ ಮನಿಗೆಲ್ಲಾ ಕಾಯ್ದೆ ಮಾಡಿದೆ. ಕುನ್ನಿ ಜೋಡಿ ಆಡೂದಿದ್ರ ಕೈಯಾಗ ಏನರ ಇರಬೇಕು. ನಾ ಜಾಣಿ ಅಂತ ಹಳೇ ಸೀರಿ ಹರದು ಗಂಟು ಕಟ್ಟಿ ಕೊಟ್ಟೆ. ನಾಲ್ಕು ದಿನಕ್ಕ ಹಗ್ಗದ ಮ್ಯಾಲ ಒಣಗಾಕ ಹಾಕಿದ ಸೀರಿ ಎಳದು ಹಾಕ್ತು. ಅದರ ತಪ್ಪೇನು, ಸೀರಿ ಕಡೀಬಹುದು ಅಂತ ನಾನ ಕೊಟ್ಟಿದ್ನೆಲ್ಲಾ. ಆಮ್ಯಾಲ ಹಳೇ ಟವೆಲ್ ಗಂಟು ಹಾಕಿ, ನೀರಾಗ ಅದ್ದಿ, ಫ್ರಿಜ್ಜಿನ್ಯಾಗ ತಂಪು ಮಾಡಿ ಕೊಟ್ಟೆ. ಹಲ್ಲು ಬೀಳೋ ಕಾಲಕ್ಕ ಒಸಡು ಉರೀತಾವ, ತಂಪು ಹಿತ ಅನಿಸತೈತಿ. ತಂಪನ ಗಜ್ಜರಿನೂ ನಡೀತೈತಿ, ಹತ್ತಿರ ಕೂತು ನೋಡಕೋತ ಕೊಡ್ರಿ. ದಾರ ಬಿಚ್ಚಿ ಬರಾಕ ಹತ್ತಿದ್ರ ಗಂಟು ಬದಲಸ್ರಿ, ನುಂಗಿದ್ರ ಹೊಟ್ಟಿಗೆ ಕೆಟ್ಟದ್ದು.

ಇನ್ನ ಕಚ್ಚಿದಾಗ. ಕೈ ಜಗ್ಗಬ್ಯಾಡ್ರಿ. ಜಗ್ಗಿದ ಕೈ ಓಡೋ ಇಲಿ ಇದ್ದಂಗ, ಇನ್ನಷ್ಟು ಬೆನ್ನ ಹತ್ತತೈತಿ. ಕೈ ಸಡಲ ಬಿಟ್ಟು, ಹಲ್ಲು ಸಡಲ ಆದಕೂಡಲೇ "ಸಾಕು" ಅಂದು, ಎದ್ದು ಬೆನ್ನು ತಿರುಗಿಸಿ ನಿಲ್ಲೂದು. ಕಾಲಿಗೆ ಬಂದ್ರ ಬಾಗಿಲಾಚೆ ಹೋಗಿ ಮೂವತ್ತು ಎಣಿಸೂದು, ತಿರುಗಿ ಬರೂದು. ಬೈಯೂದಿಲ್ಲ, ಮುಖ ನೋಡೂದಿಲ್ಲ. ಅವ್ವ ನಾಯಿ ಎದ್ದು ನಡೀತಿದ್ಲಲ್ಲಾ, ಅದ ಪಾಠ, ನಾವು ತಡಾ ಮಾಡಿ ಹೇಳಾಕತ್ತಿದ್ವಿ ಅಷ್ಟ. ಕೆಲವರು "ಕಂಯ್ ಅಂತ ಕುನ್ನಿ ಹಂಗ ಚೀರ್ರಿ" ಅಂತಾರ. ಕೆಲವು ಮರಿಗೆ ಅದು ತಿಳೀತೈತಿ. ನಮ್ಮ ಪೇಡೆ ನನ್ನ ಚೀರಾಟಕ್ಕ ಖುಷಿಯಾಗಿ ಮೈ ಮ್ಯಾಲ ಹಾರಿತು, ನಾ ಬಿಟ್ಟೆ. ಇಯಾನ್ ಡನ್ಬರ್ ಅನ್ನೋ ಪಶುವೈದ್ಯ ಭಾಳ ವರ್ಷದಿಂದ ಹೇಳಕೋತ ಬಂದ ಮಾತೊಂದು ನನಗ ಉಪಯೋಗ ಬಿತ್ತು. ಮೊದಲ ಕಚ್ಚೂದರ ಜೋರು ಕಡಿಮಿ ಮಾಡಸ್ರಿ, ಕಚ್ಚೂದು ಪೂರ್ತಿ ಬಿಡಸೂದು ಆಮ್ಯಾಲ. ಮೆತ್ತಗ ಬಾಯಿ ಹಿಡಿಯಾಕ ಕಲಿತ ನಾಯಿ ಮುಂದ ಎಂದರ ಅಂಜಿ ಬಾಯಿ ಹಾಕಿದ್ರೂ ಗಾಯ ದೊಡ್ಡದಾಗೂದು ಕಡಿಮಿ. ಹೊಡದು ಬಾಯಿ ಮುಚ್ಚಿಸಿದ ಕುನ್ನಿಗೆ ಈ ಅಳತಿನ ಗೊತ್ತಿರಂಗಿಲ್ಲ.

ನಿದ್ದಿ ಮಾತು ಯಾರೂ ಹೇಳಂಗಿಲ್ಲ. ಕುನ್ನಿ ದಿನಕ್ಕ 18 ತಾಸು ಮಲಗಬೇಕು. ನಮ್ಮ ಮನ್ಯಾಗ ಸಂಜಿ ಏಳಕ್ಕ, ಟೀವಿ ಧಾರಾವಾಹಿ ಹತ್ತೋ ಹೊತ್ತಿಗೆ, ಅದಕ್ಕ ಹುಚ್ಚು ಹಿಡದಂಗ ಆಗತಿತ್ತು. ಗಿರಗಿರ ತಿರಗೂದು, ಎಲ್ಲಾರ ಕಾಲು ಕಡಿಯೂದು. ಅದು ಸೊಕ್ಕಲ್ಲ, ನಿದ್ದಿಗೆಟ್ಟ ಕೂಸಿನ ಹಟ. ನಮ್ಮ ಮಕ್ಕಳು ಹಂಗ ಮಾಡಿದ್ರ ತೊಟ್ಟಿಲಿಗೆ ಹಾಕತಿದ್ವಿ ಹೌದಲ್ಲೋ? ಮೂಲ್ಯಾಗ ಗೋಣಿಚೀಲ ಹಾಸಿ, ಸುತ್ತ ಚಾದರ ಮರೆ ಮಾಡಿ ಮಲಗಿಸಿದೆ. ಅರ್ಧ ಕಚ್ಚಾಟ ಅದರಿಂದನ ಹೋತು. ಅದು ಮಲಗಿದಾಗ ಕಸಾ ಹೊಡದೆ, ಎದ್ದಿದ್ದಾಗ ಸೆರಗು ಸಿಗಿಸಿ, ದಡಿ ಎತ್ತಿ ಕಟ್ಟಿ ಕೆಲಸಾ ಮಾಡಿದೆ.

ಕುನ್ನಿಗಿಂತಾ ಗಂಡನ್ನ ತಿದ್ದೂದು ತಡಾ ಆತು. ಎರಡು ಸಲ ಕೈ ಕುಸ್ತಿ ಆಡಕೋತ ಸಿಕ್ಕಿಬಿದ್ರು. ಮೂರನೇ ಸಲ ಪೇಡೆ ತಾನ ಕೈ ಬಿಟ್ಟು ಟವೆಲ್ ಗಂಟು ಹುಡುಕಿಕೊಂಡು ಬಂತು, ಅವತ್ತಿಂದ ಅವರೂ ಶ್ಯಾಣ್ಯಾ ಆದ್ರು. ನಡುವ ಹಲ್ಲು ಬೀಳೋ ಕಾಲಕ್ಕ ಎಲ್ಲಾ ಮರತಂಗ ಮತ್ತ ಕಡೀತು, ಮತ್ತ ಮೊದಲಿಂದ ಶುರು ಮಾಡಿದ್ವಿ. ಸಂಕ್ರಾಂತಿ ಹೊತ್ತಿಗೆ ಯಾರ ಮೈಗೂ ಹಲ್ಲು ತಾಗಲಿಲ್ಲ. ಅಂದ್ರ ಮೂರು ತಿಂಗಳು. ಮೂರು ತಿಂಗಳು ಉದ್ದ ಅನ್ನೋವ್ರಿಗೆ ನಾಲ್ಕು ಚುಚ್ಚುಮದ್ದಿನ ಪಾಳಿಯೊಳಗ ಕೂಸು ಎತಗೊಂಡು ಒಮ್ಮೆ ನಿಂತು ನೋಡ್ರಿ ಅಂತೇನಿ.

ಆಟದ ಕಚ್ಚಾಟ ಬ್ಯಾರೆ, ಇದು ಬ್ಯಾರೆ: ಮೈ ಕಟ್ಟಿಗಿಯಂಗ ಬಿಗಿ ಮಾಡಿ, ದಿಟ್ಟಿಸಿ ನೋಡಿ, ಊಟದ ತಾಟಿನ ಹತ್ತಿರ ಬಂದವ್ರ ಮ್ಯಾಲ ಹಾಯೂದು. ಹಂಗಿದ್ರ ಮನಿ ಮದ್ದು ಬಿಟ್ಟು ಪಶು ಡಾಕ್ಟರ ಹತ್ತಿರ ಹೋಗ್ರಿ. ಮತ್ತ ಐದು ವರ್ಷದ ಕೂಸು, ಕುನ್ನಿ, ಇಬ್ಬರನ್ನ ಬಿಟ್ಟು ಒಳಗ ಹೋಗಬ್ಯಾಡ್ರಿ, ಒಲಿ ಮ್ಯಾಲ ಹಾಲು ಉಕ್ಕಿದ್ರೂ.

ಕುಬಸದ ಪಂಕ್ತಿಯೊಳಗ ಕೈ ತೋರಿಸಿದಾಕಿಗೆ ನಿನ್ನೆ ಫೋನ್ ಮಾಡಿದೆ. ಗೀರು ಆದ ಕೈ ದವಾಖಾನ್ಯಾಗ ತೋರಿಸಿಲ್ಲಂತ. ಮೊದಲ ಅದನ್ನ ಮಾಡು ಅಂತ ಬೈದೆ. ಗುರುವಾರ ಕುನ್ನಿ ಜೋಡಿ ಬರತಾಳ. ಖಾರಪುಡಿ ಬುದ್ಧಿ ಹೇಳಿದಾಕೀನೂ ಬರಲಿ, ಚಹಾ ಇಡತೇನಿ, ಜಗಳಾ ಆಡೋಣು.

ಪೇಡೆ ಈಗ ಎಂಟು ತಿಂಗಳದ್ದು. ನಾದಿನಿ ಮಗಳು ಹೋದ ತಿಂಗಳು ಬಂದಿದ್ಲು, ದೂರ ಕೂತು ಗಜ್ಜರಿ ಒಗದ್ಲು, ಮುಟ್ಟಲಿಲ್ಲ. ಮುಟ್ಟು ಅಂತ ನಾವ್ಯಾರೂ ಅನ್ನಲಿಲ್ಲ. ಅಡಿಗಿಮನ್ಯಾಗ ಮ್ಯಾಲಿನ ಫಳಿಯಿಂದ ಹಿಟ್ಟಿನ ಡಬ್ಬಿ ತಗೊಳ್ಳಾಕ ನಾ ಕೈ ಎತ್ತಿದ್ರ ಅದು ಇನ್ನೂ ಕಣ್ಣು ಮುಚ್ಚಿ ತಲಿ ನೆಲಕ್ಕ ಹಚ್ಚತೈತಿ. ನಾ ಡಬ್ಬಿ ಸಾವಕಾಶ ಇಳಸತೇನಿ.